ಲೀಡರ್‌ಶಿಪ್ ಕ್ಯಾಂಪಿನ ಗಿರಿಜಾ

ಗಿರಿಜಾ ನಮ್ಮ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದ ಮಾರನೆಯ ಬೆಳಿಗ್ಗೆ, ಕೆಳಗೆ ಯಾರೋ ಗೋಡೆ ಒಡೆಯುತ್ತಿದ್ದಾರೆ ಎಂದುಕೊಂಡು ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಪಕ್ಕದಲ್ಲಿ ನಮ್ಮ ಯಜಮಾನರು ಭಾಸ್ಕರ ಗೊರಕೆ ಹೊಡೆಯುತ್ತಿದ್ದರು. ಗೋಡೆ ಬಿದ್ದರೆ ಬೀಳಲಿ, ಇನ್ಶೂರೆನ್ಸ್ ಇದೆಯಲ್ಲ ಎನ್ನುವ ಜಾತಿ ಅವರದು. ನಾನೇ ಇಳಿದು ಹೋಗಿ ನೋಡಿದೆ. ಹುಡುಗಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಏನಮ್ಮ ಇದು, ಇನ್ನೂ ಬೆಳಕೇ ಹರಿದಿಲ್ಲ?” ಎಂದೆ.

“ರೊಟ್ಟಿ ಬಡದ್ರ ಸಪ್ಪಳ ಆಗೂದ ರೀ ಅಕ್ಕಾರ. ಸಪ್ಪಳ ಬ್ಯಾಡಂದ್ರ ಬ್ರೆಡ್ ತಿನ್ಬೇಕು,” ಎಂದು ಹೇಳಿ ಅವಳು ಇನ್ನೊಂದು ಉಂಡೆ ಹಿಟ್ಟು ಕೈಗೆತ್ತಿಕೊಂಡಳು.

ನಾನು ಮೈಸೂರಿನವಳು. ನಗುನಗುತ್ತಾ, ಕಾಫಿ ಕೊಡುತ್ತಾ ಚುಚ್ಚುವುದು ನಮ್ಮ ಕಡೆಯ ಸಂಸ್ಕಾರ. ಗದಗಿನ ಈ ಹುಡುಗಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರಲ್ಲ, ಇವಳು ಹೇಳುವುದನ್ನೂ ಹೇಳಿ, ಒದೆಯುವವರಿಗೆ ಅನುಕೂಲವಾಗಲಿ ಎಂಬಂತೆ ಎದುರಿಗೇ ನಿಲ್ಲುತ್ತಿದ್ದಳು. ಒಂದೇ ವಾರದಲ್ಲಿ ನನಗೆ ಅವಳ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಬಂತು.

ಮೂವತ್ತು ದಾಟಿದ ಗಿರಿಜಾ ಬಿ.ಎಡ್. ಮಾಡಿ ಗದಗಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಇಲ್ಲಿಗೆ ಬಂದದ್ದು ಮಕ್ಕಳ ಲಾಲನೆಪಾಲನೆಯ ಬಗ್ಗೆ ಕಾಲೇಜಿನಲ್ಲಿ ಡಿಪ್ಲೊಮಾ ಓದಲಿಕ್ಕೆ. “ಮಕ್ಕಳನ್ನ ನೋಡ್ಕೊಳ್ಳೂದು ಕಲಿಯಾಕ ಕೆನಡಾಕ್ಕ ಹೋಗ್ಬೇಕೇನ? ಮದಿವಿ ಮಾಡ್ಕೋ, ತಾನ ಬರ್ತೈತಿ,” ಎಂದು ಅವಳ ಸೋದರತ್ತೆ ಹೇಳಿದ್ದರಂತೆ. ಆ ಸಲಹೆಯಿಂದ ತಪ್ಪಿಸಿಕೊಳ್ಳಲಿಕ್ಕೇ ವಿಮಾನ ಹತ್ತಿದೆ ಎಂದು ಗಿರಿಜಾ ಹೇಳುತ್ತಿದ್ದಳು. ಮೊದಲ ಚಳಿಗಾಲವೆಲ್ಲ ಒಂದು ಗೋದಾಮಿನಲ್ಲಿ ಪಾರ್ಸೆಲ್ ಎತ್ತಿಹಾಕಿದಳು. ಬೇಸಿಗೆ ಬಂದಾಗ ಅವಳ ಓದಿಗೆ ತಕ್ಕ ಕೆಲಸ ಸಿಕ್ಕಿತು. ಅರೋರಾ ಎಂಬ ಊರಿನಲ್ಲಿ ಪುಟ್ಟ ಮಕ್ಕಳ ಬೇಸಿಗೆ ಶಿಬಿರಕ್ಕೆ ಕೌನ್ಸೆಲರ್, ಅಂದರೆ ಮಕ್ಕಳ ಜೊತೆಗಿದ್ದು ನೋಡಿಕೊಳ್ಳುವವಳು.

ಎಲ್ಲ ಮಕ್ಕಳ ಶಿಬಿರವಲ್ಲ ಅದು. ಕಚ್ಚುವ, ಒದೆಯುವ, ಕುರ್ಚಿ ಎಸೆಯುವ, ಗೇಟು ಕಂಡರೆ ಓಡುವ ಮಕ್ಕಳದ್ದು. ‘ಬಿಹೇವಿಯರಲ್ ನೀಡ್ಸ್’ ಇರುವ ಮಕ್ಕಳು ಎನ್ನುತ್ತಾರೆ ಇಲ್ಲಿ. ನಮ್ಮ ಕಡೆ ಇದಕ್ಕೆ ಇಷ್ಟು ಉದ್ದದ ಹೆಸರಿಲ್ಲ. ‘ತಂಟೆ’ ಎನ್ನುತ್ತೇವೆ, ತಂಟೆ ಹೆಚ್ಚಾದರೆ ‘ಥೇಟ್ ಅವರಪ್ಪನ ಹಾಗೇ’ ಎನ್ನುತ್ತೇವೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಕೆಲಸ ಶುರುವಾಗುವ ಮೊದಲು ಅವಳಿಗೆ ಒಂದು ವಾರ ಟ್ರೇನಿಂಗು ಕೊಟ್ಟರು. ದಿನಾ ಸಂಜೆ ಮನೆಗೆ ಬಂದು ನನ್ನ ಅಡುಗೆಮನೆಯಲ್ಲಿ ಕೂತು ಆ ದಿನದ ಪಾಠ ಒಪ್ಪಿಸುತ್ತಿದ್ದಳು. ಕೂಗಬಾರದು. ‘ಬೇಡ’ ಅನ್ನಬಾರದು. ಚಪ್ಪಾಳೆ ತಟ್ಟಬಾರದು, ಕೆಲವು ಮಕ್ಕಳಿಗೆ ಆ ಸದ್ದು ಕಿವಿಯಲ್ಲಿ ಪಟಾಕಿ ಹೊಡೆದಂತಾಗುತ್ತದೆ. ಅದರ ಬದಲು ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಬೇಕು.

“ಕಚ್ಚಿದರೆ?” ಎಂದೆ ನಾನು.

“ಕೈ ಹಿಂದಕ್ಕ ಎಳ್ಕೋಬಾರದ್ರೀ. ಎಳದ್ರ ಚರ್ಮ ಹರೀತೈತಿ, ಅವ್ರ ಹಲ್ಲಿಗೂ ನೋವು. ಕೈ ಹಂಗ ಮೆಲ್ಲಕ ಬಾಯಿ ಕಡೇನ ಒತ್ತಬೇಕು, ತಲಿ ಹಿಂದ ಇನ್ನೊಂದ ಕೈ ಇಡಬೇಕು. ಬಾಯಿ ತಾನ ಬಿಡ್ತೈತಿ.” ಹೀಗೆಂದು ಅವಳು ನನ್ನ ಸೋಫಾದ ದಿಂಬನ್ನು ಹುಡುಗ ಮಾಡಿಕೊಂಡು ತೋರಿಸಿದಳು. “ಕಲಸೋ ಮ್ಯಾಡಮ್ಮರ ಹೇಳಿದ್ರು, ಕೈ ಎಳ್ಕೊಳ್ಳೂದು ಹುಟ್ಟಿನಿಂದ ಎಲ್ಲಾರಿಗೂ ಬರ್ತೈತಿ. ಎಳೀದಂಗ ನಿಲ್ಲೂದು ನಾಕ್ ಸಲ ಕಡಿಸ್ಕೊಂಡ ಮ್ಯಾಲನ ಬರೂದಂತ.”

ಆ ನಾಲ್ಕು ಸಲ ಅವಳಿಗೆ ಮೊದಲ ವಾರದಲ್ಲೇ ಆಯಿತು. ಯಂಗ್ ಸ್ಟ್ರೀಟಿನ ಉದ್ದಕ್ಕೂ ಬಸ್ಸಿನಲ್ಲಿ ತೂಕಡಿಸಿಕೊಂಡು, ಆಮೇಲೆ ಸಬ್‌ವೇ ಹಿಡಿದು ಬಂದು, ತೋಳಿನ ಮೇಲಿನ ನೀಲಿ ಗುರುತಿಗೆ ಐಸ್ ಇಟ್ಟುಕೊಂಡು ಕೂರುತ್ತಿದ್ದಳು. ಗಿರಿಜಾ ದೇವತೆಯೇನಲ್ಲ. ಒಂದು ಸಂಜೆ ಹಲ್ಲು ಕಚ್ಚಿ, “ಒಂದ ಬೆತ್ತ ಕೊಟ್ಟಿದ್ರ ತೋರಸ್ತಿದ್ನಿ,” ಎಂದಳು. ಆಮೇಲೆ ಐಸ್ ಚೀಲ ತಿರುಗಿಸಿಟ್ಟುಕೊಳ್ಳುತ್ತಾ, “ಏನ ತೋರಸ್ತಿದ್ನಿ ಬಿಡ್ರಿ. ಗದಗಿನಾಗ ಬೆತ್ತ ಇತ್ತು. ಅಲ್ಲೂ ಕಡಿಯೋರು ಕಡೀತಿದ್ರು,” ಎಂದಳು.

ಒಂದು ವಿಷಯದಲ್ಲಿ ಮಾತ್ರ ನನಗೆ ಅವಳ ಮೇಲೆ ಮಹಾ ಕೋಪ. ಶಿಬಿರದ ಮಕ್ಕಳ ಹೆಸರು ಹೊರಗೆ ಹೇಳುವಂತಿಲ್ಲ ಎಂದು ಅವರು ಪ್ರಮಾಣ ಮಾಡಿಸಿಕೊಂಡಿದ್ದರು. ನಮ್ಮ ಕನ್ನಡದವರ ಮಕ್ಕಳು ಯಾರಾದರೂ ಇದ್ದಾರೇನೇ ಎಂದು ಸುಮ್ಮನೆ, ಲೋಕಾಭಿರಾಮವಾಗಿ ಕೇಳಿದೆ. “ಹೇಳಂಗಿಲ್ರೀ,” ಎಂದಳು. ಹೋಳಿಗೆ ಮಾಡಿ, ತುಪ್ಪ ಹಾಕಿ, ಎದುರಿಗೆ ಕೂತು ಕೇಳಿದೆ. ಹೋಳಿಗೆ ತಿಂದಳು, ಇನ್ನೊಂದು ಕೇಳಿ ಹಾಕಿಸಿಕೊಂಡಳು, ಹೆಸರು ಹೇಳಲಿಲ್ಲ. ಉಪ್ಪು ತಿಂದ ಮನೆಗೆ ಹೀಗೆ ಎರಡು ಬಗೆಯುವವರನ್ನು ನಾನು ಕಂಡಿರಲಿಲ್ಲ.

ಇನ್ನು ನಮ್ಮ ‘ಯಂಗ್ ಸ್ಟ್ರೀಟ್ ಕನ್ನಡ ಬಳಗ’ದ ವಿಚಾರ ಹೇಳಬೇಕು. ಬೆಂಗಳೂರು, ಮೈಸೂರುಗಳಿಂದ ಬಂದ ಸಾಫ್ಟ್‌ವೇರಿನವರು, ಇಂಜಿನಿಯರುಗಳು ತುಂಬಿರುವ ಬಳಗ. ಇಲ್ಲಿ ಯಾರ ಮಗುವೂ ಸಾಧಾರಣ ಮಗುವಲ್ಲ. ಒಂದು ವೀಣೆ ನುಡಿಸುತ್ತದೆ, ಇನ್ನೊಂದು ಕೋಡಿಂಗ್ ಮಾಡುತ್ತದೆ, ಮತ್ತೊಂದು ಎರಡನ್ನೂ ಮಾಡಿ ಈಜುತ್ತದೆ. ಎಲ್ಲರ ಮನೆ ದೋಸೆಯೂ ತೂತು ಎಂಬ ಗಾದೆಯನ್ನು ನಾವು ವಿಮಾನ ಹತ್ತುವಾಗ ಬೆಂಗಳೂರಿನಲ್ಲೇ ಇಳಿಸಿ ಬಂದಿದ್ದೇವೆ.

ಬಳಗದ ಅಧ್ಯಕ್ಷರು ಸತ್ಯಪ್ರಕಾಶ್. ದೊಡ್ಡ ಕಂಪನಿಯಲ್ಲಿ ಡೈರೆಕ್ಟರು. ಜುಲೈ ತಿಂಗಳ ಉರಿಬಿಸಿಲಿನಲ್ಲೂ ತುಂಬುತೋಳಿನ ಶರಟು ಹಾಕಿ ಮಣಿಕಟ್ಟಿನ ತನಕ ಗುಂಡಿ ಬಿಗಿದಿರುತ್ತಾರೆ. ಪದವಿಯ ಗಾಂಭೀರ್ಯ ಬೆವತರೂ ಕೆಳಗಿಳಿಯಬಾರದಲ್ಲ. ಅವರ ಮಗಳು ಮೇಧಾ ಕೇಳದೆ ಕುರ್ಚಿಯಿಂದ ಏಳುವುದಿಲ್ಲ. ಮಗ ಚಿರಂತನ್ ಎಂಬವನೊಬ್ಬ ಇದ್ದಾನೆ, ಎಂಟು ವರ್ಷ. ಅವನನ್ನು ನಾವು ನೋಡಿ ಎಷ್ಟೋ ಕಾಲವಾಯಿತು. ಯುಗಾದಿಗೆ ಕರೆದರೆ ಚೆಸ್ ಕ್ಲಾಸು, ಗಣಪತಿ ಹಬ್ಬಕ್ಕೆ ಕರೆದರೆ ಚೆಸ್ ಕ್ಲಾಸು, ಅವನನ್ನು ಕರೆದುಕೊಂಡು ಹೋಗಲು ತಾಯಿಯೂ ಚೆಸ್ ಕ್ಲಾಸು. ಅಷ್ಟು ಆಡಿದ್ದರೆ ಇಷ್ಟು ಹೊತ್ತಿಗೆ ಜಗತ್ತನ್ನೇ ಗೆದ್ದಿರಬೇಕಿತ್ತು ಎಂದು ನಾನು ಭಾಸ್ಕರ ಅವರಿಗೆ ಎಷ್ಟೋ ಸಲ ಹೇಳಿದ್ದೆ.

ಆಗಸ್ಟಿನ ವನಭೋಜನದ ಬಗ್ಗೆ ಮಾತಾಡಲು ಒಂದು ಸಂಜೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದರು. ನನ್ನ ಪಾಲಿಗೆ ಬಿಸಿಬೇಳೆಬಾತ್, ಭಾಸ್ಕರ ಅವರ ಪಾಲಿಗೆ ಮೈಕು ಮತ್ತು ಸ್ಪೀಕರು. ಇದು ಹೊಸದಾಗಿ ಹಂಚಿದ ಕೆಲಸವಲ್ಲ, ವಂಶಪಾರಂಪರ್ಯ. ಕ್ಲೈನ್‌ಬರ್ಗಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿಕೊಂಡಿರುವ ಶ್ರೀಜಾ ಕೂಡ ಬಂದಿದ್ದಳು. ಅವಳ ಒಬ್ಬನೇ ಮಗ ಸುಮುಖ್, ಏಳು ವರ್ಷದವನು. ಮಕ್ಕಳ ಹಾಡಿನ ಪ್ರಾಕ್ಟೀಸಿಗೆ ಅವನು ಯಾಕೆ ಬರುತ್ತಿಲ್ಲ ಎಂದು ಯಾರೋ ಕೇಳಿದರು.

“ಸುಮುಖ್‌ಗೆ ಈ ಸಮ್ಮರ್ ಫುಲ್ ಲೀಡರ್‌ಶಿಪ್ ಕ್ಯಾಂಪು. ಅರೋರಾದಲ್ಲಿ,” ಎಂದಳು ಶ್ರೀಜಾ.

ಎಲ್ಲರೂ ತಟ್ಟೆ ಕೆಳಗಿಟ್ಟು ಅವಳ ಕಡೆ ತಿರುಗಿದರು. ನಾವು ಕೇಳದ ಕ್ಯಾಂಪೊಂದು ಈ ಊರಿನಲ್ಲಿ ಇರುವುದಾದರೂ ಹೇಗೆ?

“ಎಷ್ಟು ಜನ ಇರ್ತಾರೆ ಒಂದು ಬ್ಯಾಚಲ್ಲಿ?” ಎಂದು ಕೇಳಿದರು ಸತ್ಯಪ್ರಕಾಶ್.

“ಇಬ್ಬರು ಮಕ್ಕಳಿಗೆ ಒಬ್ಬ ಕೌನ್ಸೆಲರ್.”

“ಅಯ್ಯಪ್ಪಾ! ಈಗ ಸೀಟ್ ಸಿಗುತ್ತಾ?”

“ವೇಟಿಂಗ್ ಲಿಸ್ಟ್ ತುಂಬಾ ಉದ್ದ ಇದೆ. ಅದೂ ಅಲ್ಲದೆ ಡಾಕ್ಟರ್ ರೆಫರಲ್ ಇಲ್ಲದೆ ತಗೊಳ್ಳಲ್ಲ.”

ಪಾಪ, ಅವಳು ಹೇಳಿದ್ದೆಲ್ಲ ನಿಜವೇ. ಹೆಸರೊಂದು ಬಿಟ್ಟು. ಆದರೆ ಡಾಕ್ಟರ ಚೀಟಿ ಬೇಕು ಎಂದಮೇಲೆ ಇದು ಬುದ್ಧಿ ಅಳೆದು ಸೇರಿಸಿಕೊಳ್ಳುವ ಮಹಾ ಸಂಸ್ಥೆಯೇ ಇರಬೇಕು ಎಂದು ಬಳಗದವರು ತೀರ್ಮಾನಿಸಿದರು. ‘ಸಿಗುವುದಿಲ್ಲ’ ಎಂಬ ಒಂದು ಮಾತು ಸಾಕು ನಮಗೆ. ಸಿಗದಿದ್ದರೆ ಅದು ಒಳ್ಳೆಯದೇ. ಭಾಸ್ಕರ ಅವರಂತೂ, ಮಕ್ಕಳಿಲ್ಲದ ಮನುಷ್ಯ, “ಮ್ಯಾನೇಜ್‌ಮೆಂಟ್ ಕೋಟಾ ಇದೆಯಾ ಕೇಳಮ್ಮ,” ಎಂದರು.

ಸತ್ಯಪ್ರಕಾಶ್ ಮಾತ್ರ, ‘ನಮ್ಮ ಮೇಧಾಗೆ’ ಎನ್ನುತ್ತಾ, ಬಿಡಲೇ ಇಲ್ಲ. ಕೌನ್ಸೆಲರು ಮಗುವಿನ ಪಕ್ಕದಲ್ಲೇ ಇರುತ್ತಾರಾ? ಮಗು ಹೇಳಿದ ಮಾತು ಕೇಳದಿದ್ದರೆ ಏನು ಮಾಡುತ್ತಾರೆ? ಮಧ್ಯದಲ್ಲಿ ವಾಪಸ್ ಕಳಿಸಿಬಿಡುತ್ತಾರಾ? ಕೇಳದೆ ಕುರ್ಚಿಯಿಂದ ಏಳದ ಮೇಧಾಳಿಗೆ ಈ ಪ್ರಶ್ನೆಗಳೆಲ್ಲ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಆಸೆಗೂ ಒಂದು ಮಿತಿ ಬೇಡವೇ ಎಂದುಕೊಂಡು ಅವರ ತಟ್ಟೆಗೆ ಇನ್ನೊಂದು ಬೋಂಡಾ ಹಾಕಿದೆ.

ಅದೇ ಹೊತ್ತಿಗೆ ಹಿಂಬಾಗಿಲಿನಿಂದ ಗಿರಿಜಾ ಬಂದಳು. ಮೈಮೇಲೆ ಶಿಬಿರದ ಹಸಿರು ಟೀಶರ್ಟು, ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಅರೋರಾ’ ಎಂದಿತ್ತು. ಶ್ರೀಜಾ ಅವಳನ್ನು ನೋಡಿದಳು. ಕೈಯಲ್ಲಿದ್ದ ಲೋಟ ಓರೆಯಾಗಿ ಕಾಫಿ ಸೀರೆಯ ಮೇಲೆ ಚೆಲ್ಲಿತು. ಗಿರಿಜಾ ಒಂದು ಕ್ಷಣವೂ ನಿಲ್ಲದೆ, ಎಲ್ಲರಿಗೂ ಸೇರಿಸಿ ಒಂದು “ನಮಸ್ಕಾರ್ರೀ” ಹೇಳಿ, ಮೆಟ್ಟಿಲಿಳಿದು ಹೋಗಿಬಿಟ್ಟಳು. ಹೋಳಿಗೆಗೆ ಸಿಗದ ಹೆಸರು ನನಗೆ ಒಂದು ಲೋಟ ಕಾಫಿಯಲ್ಲಿ ಸಿಕ್ಕಿತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅಧ್ಯಕ್ಷರಿಗೆ ಉತ್ಸಾಹ ಉಕ್ಕಿ, “ಹಾಗಿದ್ರೆ ಈ ಸಲ ಮಕ್ಕಳ ಪ್ರೋಗ್ರಾಮಿಗೆ ಸುಮುಖನೇ ನಿರೂಪಕ! ಲೀಡರ್‌ಶಿಪ್ ಕಲಿತಿರೋ ಹುಡುಗ ಬಳಗದಲ್ಲೇ ಇರುವಾಗ ಬೇರೆ ಯಾರು ಬೇಕು?” ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀಜಾ ನಕ್ಕಳು. ಅಂಥ ನಗುವನ್ನು ನಾನು ಹಲ್ಲು ಕೀಳಿಸಿಕೊಂಡು ಬಂದವರ ಮುಖದಲ್ಲಿ ನೋಡಿದ್ದೆ.

ಎರಡು ದಿನ ಬಿಟ್ಟು ಅವಳು ಡ್ರೈ ಫ್ರೂಟ್ಸ್ ಡಬ್ಬಿ ಹಿಡಿದುಕೊಂಡು ಬೇಸ್‌ಮೆಂಟಿಗೆ ಇಳಿದಳು. ಆಗಲೇ ನನಗೆ ಮೆಟ್ಟಿಲ ಮೇಲಿನ ಧೂಳು ಗುಡಿಸಬೇಕು ಎನಿಸಿದ್ದು ಕಾಕತಾಳೀಯ.

“ಬರೀ ಒಂದು ಲೈನ್ ಗಿರಿಜಾ. ‘ನಮಸ್ಕಾರ, ಎಲ್ಲರಿಗೂ ಸ್ವಾಗತ.’ ಅಷ್ಟು ಕಲಿಸಿಬಿಡಿ, ಪ್ಲೀಸ್. ನಿಮ್ಮ ಮಾತು ಕೇಳ್ತಾನೆ.”

“ಅಂವ ನನ್ನ ಮಾತು ಕೇಳಂಗಿಲ್ರೀ. ನಾ ಅವನ ಮಾತು ಕೇಳ್ತೀನಿ, ಅಷ್ಟ,” ಎಂದಳು ಗಿರಿಜಾ. “ಇಷ್ಟ ದಿನಾ ಒದ್ದಾಡಿ ಅಂವ ಒಂದ ಮಾತು ಕಲತಾನ. ‘ಟೂ ಲೌಡ್. ಐ ನೀಡ್ ಎ ಬ್ರೇಕ್.’ ಅದನ್ನ ಹೇಳಿದ ಕೂಡ್ಲೆ ಎಲ್ಲಾರೂ ಸುಮ್ಮನಾಗ್ತೀವಿ. ಅದಕ್ಕ ಕಡಿಯೂದು ಬಿಟ್ಟು ಅದನ್ನ ಹೇಳ್ತಾನ. ಕ್ಯಾಂಪಿನ ಹೊರಗ ಇನ್ನೂ ಒಮ್ಮಿನೂ ಹೇಳಿಲ್ಲ. ಅಲ್ಲಿ ಮಂದ್ಯಾಗ ಒಂದ್ ಸಲ ಹೇಳಿ ಯಾರೂ ಕೇಳಲಿಲ್ಲಂದ್ರ ಮುಗೀತ್ರೀ. ಮಾತಿಂದ ಏನೂ ಆಗೂದಿಲ್ಲಂತ ತಿಳ್ಕೊಂತಾನ. ಮತ್ತ ಹಲ್ಲ ಮಾತಾಡ್ತಾವ.”

“ಈಗ ಕ್ಯಾನ್ಸಲ್ ಅಂದ್ರೆ ಯಾಕೆ ಅಂತ ಕೇಳ್ತಾರೆ. ಜನಕ್ಕೆ ಗೊತ್ತಾಗುತ್ತೆ.”

“ಆಗಲೇಳ್ರಿ. ಜನಕ್ಕ ಬಿಸಿಬ್ಯಾಳಿ ಭಾತ್ ಸಿಕ್ರ ಸಾಕು.”

“ನಿಮಗೇನು ಗೊತ್ತು?” ಶ್ರೀಜಾ ಡಬ್ಬಿಯನ್ನು ಕುಕ್ಕಿದ ಸದ್ದು ಕೇಳಿತು. “ಅವನ ಕ್ಲಾಸಿನವರು ಯಾರೂ ಬರ್ತ್‌ಡೇಗೆ ಕರೆಯಲ್ಲ. ಈ ಬಳಗದಲ್ಲಿ ಮೂರೇ ಮೂರು ಮನೆಯವರು ಅವನನ್ನ ಮನೆಗೆ ಕರೀತಾರೆ. ಗೊತ್ತಾದ್ರೆ ಆ ಮೂರೂ ಇಲ್ಲ. ಅವತ್ತು ನೀವು ಬನ್ನಿ, ಆದ್ರೆ ಅವನ ಪರಿಚಯ ಇದೆ ಅಂತ ತೋರಿಸ್ಬೇಡಿ.”

ನಾನು ಪೊರಕೆ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಆ ಮೂರು ಮನೆಗಳಲ್ಲಿ ನಮ್ಮದು ಇರಲಿಲ್ಲ. ಕೊನೆಗೆ ಗಿರಿಜಾ, “ಆತು, ತೋರಸಂಗಿಲ್ಲ. ಸ್ಪೀಕರ್ ಸಣ್ಣಗಿಡಸ್ರಿ. ಕಿವಿಗೆ ಹಾಕೂ ನೀಲಿ ಹೆಡ್‌ಫೋನ್ ಮರೀಬ್ಯಾಡ್ರಿ,” ಎಂದಳು.

ವನಭೋಜನದ ದಿನ ಪಾರ್ಕಿನಲ್ಲಿ ಬಿಸಿಲು ಸುಡುತ್ತಿತ್ತು. ಸ್ಪೀಕರ್ ಸಣ್ಣಗಿಡಿ ಎಂದು ನಾನು ಭಾಸ್ಕರ ಅವರಿಗೆ ಹಿಂದಿನ ದಿನದಿಂದ ಹೇಳುತ್ತಲೇ ಇದ್ದೆ. ಅವರು ತಲೆಯಾಡಿಸಿದ್ದರು. ಮದುವೆಯಾದಾಗಿನಿಂದಲೂ ಅವರು ತಲೆಯಾಡಿಸುತ್ತಲೇ ಬಂದಿದ್ದಾರೆ. “ಹಲೋ ಹಲೋ, ಮೈಕ್ ಟೆಸ್ಟಿಂಗ್” ಎಂದದ್ದು ಪಕ್ಕದ ಊರಿಗೂ ಕೇಳಿಸಿರಬೇಕು. ನಡುನಡುವೆ ಮೈಕು ಕುಯ್ಯೋ ಎಂದು ಅರಚುತ್ತಿತ್ತು.

ಸುಮುಖ್ ಬಿಳಿ ಜುಬ್ಬ, ಜರಿ ಶಲ್ಯ ಹಾಕಿಕೊಂಡು ಬಂದಿದ್ದ. ಕಿವಿಯ ಮೇಲೆ ನೀಲಿ ಹೆಡ್‌ಫೋನ್ ಇತ್ತು. ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಯಾರೋ ಅಂದರು. ಶ್ರೀಜಾ ಅದನ್ನು ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಗಿರಿಜಾ ನನ್ನ ಪಕ್ಕದಲ್ಲಿ ಬಡಿಸುವ ಮೇಜಿನ ಹಿಂದೆ ಸೌಟು ಹಿಡಿದು ನಿಂತಿದ್ದವಳು ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದೆ ಬಂದಳು. ಪರಿಚಯವಿಲ್ಲದವಳಂತೆ ಇರುತ್ತೇನೆಂದು ಮಾತು ಕೊಟ್ಟಿದ್ದಳಲ್ಲ.

ಸತ್ಯಪ್ರಕಾಶ್ ತಮ್ಮ ಸ್ವಾಗತ ಭಾಷಣ ಮುಗಿಸುವ ಹೊತ್ತಿಗೆ ಅರ್ಧ ಜನ ಮರದ ನೆರಳಿಗೆ ಸರಿದಿದ್ದರು. “ಈಗ ನಮ್ಮ ಪುಟ್ಟ ಲೀಡರ್!” ಎಂದು ಕೂಗಿ ಅವರು ಹುಡುಗನನ್ನು ವೇದಿಕೆಗೆ ಕರೆದು, ತಾವೇ ಬಗ್ಗಿ ಅವನ ಬಾಯಿಯ ಹತ್ತಿರ ಮೈಕು ಹಿಡಿದರು. ಮೈಕು ಮತ್ತೊಮ್ಮೆ ಅರಚಿತು. ಹುಡುಗ ಕಣ್ಣು ಮುಚ್ಚಿದ. ಮುಖ ಕೆಂಪಾಯಿತು, ಕುತ್ತಿಗೆಯ ನರ ಎದ್ದಿತು. ಆಮೇಲೆ ಕಣ್ಣು ಬಿಟ್ಟು ಜನರ ನಡುವೆ ಯಾರನ್ನೋ ಹುಡುಕಿದ. ಸೌಟು ಹಿಡಿದ ಗಿರಿಜಾ ಕಂಡಳು.

“ಟೂ ಲೌಡ್. ಐ ನೀಡ್ ಎ ಬ್ರೇಕ್,” ಎಂದ. ಸ್ಪಷ್ಟವಾಗಿ, ನಿಧಾನವಾಗಿ, ಒಂದು ಅಕ್ಷರ ತಪ್ಪದೆ.

ನನ್ನ ಪಕ್ಕದಲ್ಲಿ ಗಿರಿಜಾ ತುದಿಗಾಲಲ್ಲಿ ನಿಂತಳು.

ಬಳಗದ ಮೈಕಿನಲ್ಲಿ ಇಷ್ಟು ಚಿಕ್ಕದಾದ, ಇಷ್ಟು ಸತ್ಯವಾದ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ. ಆದ್ದರಿಂದ ಯಾರಿಗೂ ಅರ್ಥವಾಗಲಿಲ್ಲ. “ನೋಡಿ, ನೋಡಿ ಕಾನ್ಫಿಡೆನ್ಸ್! ಅಧ್ಯಕ್ಷನಿಗೇ ಬ್ರೇಕ್ ಹಾಕಿದ!” ಎಂದು ಸತ್ಯಪ್ರಕಾಶ್ ನಕ್ಕರು. “ಇದು ಲೀಡರ್‌ಶಿಪ್ ಅಂದ್ರೆ! ಜೋರಾಗಿ ಒಂದು ಚಪ್ಪಾಳೆ!”

ಎಲ್ಲರೂ ಚಪ್ಪಾಳೆ ತಟ್ಟಿದರು. ನೆರಳಿಗೆ ಹೋದವರೂ ವಾಪಸ್ ಬಂದು ತಟ್ಟಿದರು. ಹುಡುಗ ಇನ್ನೊಮ್ಮೆ ಹೇಳಿದ, ಈ ಸಲ ಅಳುದನಿಯಲ್ಲಿ. ಚಪ್ಪಾಳೆಯ ಜೊತೆಗೆ ಶಿಳ್ಳೆಯೂ ಬಂತು. ಮೂರನೆಯ ಸಲ ಹೇಳಲು ಅವನ ಹತ್ತಿರ ಮಾತಿರಲಿಲ್ಲ. ಮೈಕು ಹಿಡಿದಿದ್ದ ಅಧ್ಯಕ್ಷರ ಕೈಯನ್ನೇ ಕಚ್ಚಿಬಿಟ್ಟ.

“ಅಯ್ಯೋ, ರಕ್ತ!” ಎಂದು ಯಾರೋ ಚೀರಿದರು. ಗಲಾಟೆಯೆಂದರೆ ಗಲಾಟೆ. ಹತ್ತಾರು ಫೋನುಗಳು ಮೇಲೆದ್ದವು, ಸಹಾಯಕ್ಕಲ್ಲ, ವಿಡಿಯೋಗೆ. ಆಶ್ಚರ್ಯವೆಂದರೆ ಕಚ್ಚಿಸಿಕೊಂಡವರು ಕೂಗಲಿಲ್ಲ. ಕೈಯನ್ನು ಹಾಗೇ ಮೆತ್ತಗೆ ಹುಡುಗನ ಬಾಯಿಯ ಕಡೆಗೇ ಒತ್ತಿ, ಇನ್ನೊಂದು ಕೈಯಿಂದ ಅವನ ತಲೆಯ ಹಿಂಭಾಗ ಹಿಡಿದು, “ಆಯ್ತು ಕಂದ, ಆಯ್ತು,” ಎಂದರು. ಹುಡುಗ ಬಾಯಿ ಬಿಟ್ಟ. ಅಧ್ಯಕ್ಷರ ಗಾಂಭೀರ್ಯ ಎಂದರೆ ಇದಪ್ಪಾ ಎಂದುಕೊಂಡೆ. ಗಿರಿಜಾ ಸೌಟು ಎಸೆದು ಓಡಿದವಳು ಅರ್ಧ ದಾರಿಯಲ್ಲಿ ನಿಂತು ಅವರ ಕೈಯನ್ನೇ ನೋಡುತ್ತಿದ್ದಳು.

ಅವಳಿಗಿಂತ ಮೊದಲು ಶ್ರೀಜಾ ಅಲ್ಲಿಗೆ ಮುಟ್ಟಿದಳು. ಮೊದಲು ಹೋದದ್ದು ಮಗನ ಹತ್ತಿರವಲ್ಲ, ಭಾಸ್ಕರ ಅವರ ಸ್ಪೀಕರ್ ಡಬ್ಬಿಗಳ ಹತ್ತಿರ. ಒಂದೇ ಏಟಿಗೆ ವೈರು ಕಿತ್ತಳು. “ಏಯ್, ಆಂಪ್ಲಿಫೈಯರ್!” ಎಂದು ಇವರು ಹೌಹಾರಿದರು. ಅವಳು ಲೆಕ್ಕಿಸದೆ ಬ್ಯಾಗಿನಿಂದ ಹೆಡ್‌ಫೋನ್ ತೆಗೆದು ಮಗನ ಕಿವಿಗೆ ಹಾಕಿ, ಅವನನ್ನು ಸೆರಗಿನೊಳಗೆ ಎಳೆದುಕೊಂಡು ನಮ್ಮ ಕಡೆ ತಿರುಗಿದಳು.

“ಅದು ಲೀಡರ್‌ಶಿಪ್ ಕ್ಯಾಂಪ್ ಅಲ್ಲ,” ಎಂದಳು. “ನಾನು ಸುಳ್ಳು ಹೇಳಿದೆ. ನನ್ನ ಮಗ ಕಚ್ಚುತ್ತಾನೆ. ಕಚ್ಚದೆ ಇರೋದು ಹೇಗೆ ಅಂತ ಕಲಿಸೋ ಕ್ಯಾಂಪ್ ಅದು. ಅವನು ಕಲಿತಿದ್ದ. ಈಗಷ್ಟೇ ಬಾಯಿಬಿಟ್ಟು ಕೇಳಿದ. ಎರಡು ಸಲ ಕೇಳಿದ. ನೀವೆಲ್ಲ ಚಪ್ಪಾಳೆ ಹೊಡೆದ್ರಿ.” ಸ್ವಲ್ಪ ತಡೆದು, “ನಾನೂ ಹೊಡೆದೆ,” ಎಂದಳು.

ಆಗ ಗಿರಿಜಾ ಇದ್ದಲ್ಲೇ ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದಳು. ಬಿಸಿಬೇಳೆಬಾತ್ ಮೆತ್ತಿದ ನನ್ನ ಕೈಯನ್ನೂ ನಾನು ಎತ್ತಿದೆ. ಮೇಧಾ ಎತ್ತಿದಳು, ಯಾರನ್ನೂ ಕೇಳದೆ. ಒಬ್ಬರನ್ನು ನೋಡಿ ಒಬ್ಬರು ಎತ್ತಿದರು. ಹಿಂದೆ ಕೂತಿದ್ದ ಒಬ್ಬ ಅಜ್ಜ, ಇದು ಭಜನೆಯ ಮುಕ್ತಾಯವೆಂದು ಭಾವಿಸಿ ಮೆಲ್ಲನೆ “ಗೋವಿಂದಾ” ಎಂದರು. ಆಮೇಲೆ ಅವರೂ ಸುಮ್ಮನಾದರು. ಸುಮುಖ್ ತಾಯಿಯ ಸೆರಗಿನಿಂದ ಒಂದು ಕಣ್ಣು ಹೊರಗೆ ಹಾಕಿ, ಇಡೀ ಕನ್ನಡ ಬಳಗ ತನಗೋಸ್ಕರ ಬಾಯಿ ಮುಚ್ಚಿಕೊಂಡು ನಿಂತಿರುವುದನ್ನು ನೋಡಿದ. ಗಿರಿಜಾ ಅವನ ಕಡೆ ಒಮ್ಮೆ ತಲೆಯಾಡಿಸಿದಳು. ಅವನು ಹೋಗಿ ಮರದ ಕೆಳಗೆ ಕೂತುಕೊಂಡ, ತನ್ನ ಬ್ರೇಕ್ ತೆಗೆದುಕೊಳ್ಳಲಿಕ್ಕೆ.

ನಾವು ಕಾರಿನಲ್ಲಿ ವಾಪಸ್ ಹೊರಟೆವು. “ಕೇಳಿದ್ರಲ್ಲ, ಸಾಕು. ತಡಾ ಆತು, ಆದ್ರೂ ಕೇಳಿದ್ರು,” ಎಂದಳು ಗಿರಿಜಾ. ಮತ್ತೊಂದಷ್ಟು ದೂರ ಬಂದ ಮೇಲೆ, “ಅಧ್ಯಕ್ಷರು ಕೈ ಎಳ್ಕೊಳ್ಳಿಲ್ಲ ನೋಡ್ರಿ,” ಎಂದಳು.

“ದೊಡ್ಡ ಮನುಷ್ಯ, ತಡ್ಕೊಂಡ್ರು,” ಎಂದೆ ನಾನು.

ಸೋಮವಾರ ಸಂಜೆ ಬಾಗಿಲು ತೆರೆದರೆ ಸತ್ಯಪ್ರಕಾಶ್ ನಿಂತಿದ್ದರು. ಬಲಗೈಗೆ ಬ್ಯಾಂಡೇಜು, ತುಂಬುತೋಳು, ಬಿಗಿದ ಗುಂಡಿ. ಬಳಗದ ವಾಟ್ಸಾಪಿನಲ್ಲಿ ಎರಡು ದಿನದಿಂದ, ಇಂಥ ಮಕ್ಕಳನ್ನು ಕಾರ್ಯಕ್ರಮಕ್ಕೆ ಕರೆತರಬಹುದೇ ಎಂಬ ಘನ ಚರ್ಚೆ ನಡೆದಿತ್ತು. ಶ್ರೀಜಾಳನ್ನು ಬಳಗದಿಂದ ತೆಗೆಯುವ ಸುದ್ದಿ ತಂದಿರಬೇಕು ಇವರು ಎಂದುಕೊಂಡೆ. ಹೇಳಲೆಂದು ನಾಲ್ಕು ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿದ್ದವು, ಒಂದಕ್ಕಿಂತ ಒಂದು ಹರಿತ.

“ಗಿರಿಜಾ ಇದಾರಾ ಜಯಕ್ಕ?” ಎಂದರು.

ಗಿರಿಜಾ ಮೇಲೆ ಬಂದಳು. ಅವರು ಕೂರಲಿಲ್ಲ. ಕೈಯ ಬ್ಯಾಂಡೇಜನ್ನೇ ನೋಡಿಕೊಳ್ಳುತ್ತಿದ್ದರು. ಗಿರಿಜಾಳೇ ಕೇಳಿದಳು, ಅವಳ ರೀತಿಯಲ್ಲಿ, ನೇರವಾಗಿ.

“ಮನ್ಯಾಗ ಯಾರ್ರೀ ಕಡಿಯೋರು?”

ಸತ್ಯಪ್ರಕಾಶ್ ಎಡಗೈಯ ಗುಂಡಿ ಬಿಚ್ಚಿ ತೋಳು ಮೇಲೆ ಸರಿಸಿದರು. ಮಣಿಕಟ್ಟಿನಿಂದ ಮೊಳಕೈ ತನಕ ಗುರುತುಗಳು. ಹಳೆಯವು ಬೆಳ್ಳಗೆ, ಹೊಸವು ಕಪ್ಪಗೆ, ಒಂದರ ಮೇಲೊಂದು, ಎಲ್ಲವೂ ಪುಟ್ಟ ಬಾಯಿಯ ಅಳತೆಯವು. ಪದವಿಯ ಗಾಂಭೀರ್ಯ ಎಂದು ಇಷ್ಟು ವರ್ಷ ನಾನು ಆಡಿಕೊಂಡದ್ದು ಈ ತೋಳನ್ನು.

“ಚಿರಂತನ್,” ಎಂದರು. “ಅವತ್ತು ಜಯಕ್ಕನ ಮನೇಲಿ ಕೇಳಿದ್ದೂ ಅವನಿಗೇ. ಮೇಧಾಗೆ ಅಂತ ಹೇಳಿದೆ. ಆ ಹುಡುಗ ಮೈಕಲ್ಲಿ ಹೇಳಿದ್ನಲ್ಲಮ್ಮ, ಆ ಒಂದು ಮಾತು... ನಮ್ಮವನಿಗೂ ಕಲಿಸೋಕಾಗುತ್ತಾ? ಕೇಳಿಸ್ಕೊಳ್ದೆ ಚಪ್ಪಾಳೆ ಹೊಡೆಸಿದೋನು ನಾನೇ. ಯಾವ ಮುಖ ಇಟ್ಕೊಂಡು ಕೇಳ್ಲಿ.”

“ಡಾಕ್ಟರ ಹಂತೇಕ ಹೋಗಿ ರೆಫರಲ್ ತಗೋರಿ. ಅಂವ ಎರಡ ತಿಂಗಳದಾಗ ಕಲೀತಾನ,” ಎಂದಳು ಗಿರಿಜಾ. “ಮನ್ಯಾಗಿನವ್ರು ಕೇಳೂದು ಕಲಿಯಾಕ ಇನ್ನೂ ಹೆಚ್ಚಿಗಿ ಹಿಡೀತೈತಿ. ಕುಂದರ್ರಿ, ರೊಟ್ಟಿ ಮಾಡೀನಿ.”

ನನ್ನ ನಾಲಿಗೆ ಎಂಥದ್ದೆಂದು ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಸಿದ್ಧವಾಗಿದ್ದ ನಾಲ್ಕು ಮಾತುಗಳೂ ಎಲ್ಲಿಗೋ ಹೋಗಿದ್ದವು. ಉಳಿದದ್ದು ಒಂದೇ, ಅದೂ ಕುಟುಕಲಿಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಬೇಕಾಗಿತ್ತು.

“ಚಿರಂತನ್‌ಗೆ ಚೆಸ್ ಇಷ್ಟವಾ ಸತ್ಯಪ್ರಕಾಶ್?”

ಅವರು ತೋಳು ಕೆಳಗೆ ಸರಿಸಿಕೊಳ್ಳಲಿಲ್ಲ.

“ನಮ್ಮ ಮನೇಲಿ ಚೆಸ್ ಬೋರ್ಡೇ ಇಲ್ಲ ಜಯಕ್ಕ,” ಎಂದರು.